ಬೆಟ್ಟಕ್ಕೆ ಒಂದೆಳೆ, ಬೇಲಿಗೆ ಮೂರೆಳೆ: ಪ್ರಕೃತಿ ದೃಶ್ಯದ ಕೈಕಸೂತಿ

ಕೊಡಗಿನ ಬೆಟ್ಟ, ತೋಟ, ಗದ್ದೆಗಳನ್ನು ಸೂಜಿದಾರದಲ್ಲಿ ಮೂಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಕಣ್ಣಿಗೆ ಹಿಡಿಸಿದ ಹಸಿರು ದಾರಗಳನ್ನೆಲ್ಲ ಕೊಂಡು ತರುತ್ತಾರೆ. ಅದಕ್ಕೂ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಚಿತ್ರ ಯಾವ ತಿಂಗಳಿನದು ಎಂಬುದನ್ನು. ಆಗಸ್ಟ್‌ನಲ್ಲಿ ನಾಟಿ ಮುಗಿದ ಗದ್ದೆ ಎಳೆಹಸಿರಾಗಿರುತ್ತದೆ, ಆಕಾಶ ಬೂದು ಬಣ್ಣಕ್ಕಿರುತ್ತದೆ, ಅಬ್ಬಿ ಜಲಪಾತ ತುಂಬಿ ಧುಮುಕುತ್ತಿರುತ್ತದೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ, ಅಂದರೆ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ, ಅದೇ ಗದ್ದೆ ಹೊನ್ನಿನ ಬಣ್ಣಕ್ಕೆ ತಿರುಗಿ, ಅರೇಬಿಕಾ ಗಿಡಗಳಲ್ಲಿ ಹಣ್ಣು ಕೆಂಪಾಗಿರುತ್ತದೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿ ತೋಟ ಬೆಳ್ಳಗೆ ಅರಳುತ್ತದೆ; ಆದರೆ ಆಗ ಗದ್ದೆಯಲ್ಲಿ ಒಣಗಿದ ಕೂಳೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಬಿಳಿ ಹೂ, ಕೆಂಪು ಹಣ್ಣು, ಹಸಿರು ಗದ್ದೆ, ತುಂಬಿದ ಜಲಪಾತ ಇವೆಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ತುರುಕಿದ ಕಸೂತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಲಿಗೆ ಎಷ್ಟೇ ನಯವಾಗಿದ್ದರೂ ತೋಟದ ಮನೆಯವರು ಅದನ್ನು ಕಂಡೊಡನೆ ನಗುತ್ತಾರೆ. ತಿಂಗಳು ನಿಶ್ಚಯವಾದರೆ ದಾರದ ಪಟ್ಟಿಯೂ ತಾನಾಗಿಯೇ ಚಿಕ್ಕದಾಗುತ್ತದೆ. ಹೊಸಬರಿಗೆ ನಾನು ಹುತ್ತರಿಯ ತಿಂಗಳನ್ನೇ ಸೂಚಿಸುವುದು, ಏಕೆಂದರೆ ಹೊನ್ನು, ಕೆಂಪು, ಕಡುಹಸಿರು, ಮಬ್ಬು ನೀಲಿ ಬಣ್ಣಗಳು ಒಂದರಿಂದೊಂದು ಸುಲಭವಾಗಿ ಬೇರೆಯಾಗಿ ಕಾಣುತ್ತವೆ; ಮಳೆಗಾಲದ ದೃಶ್ಯಕ್ಕಾದರೆ ಹಸಿರಿನೊಳಗೇ ಏಳೆಂಟು ಹಸಿರುಗಳನ್ನು ಬೇರ್ಪಡಿಸಬಲ್ಲ ಕಣ್ಣು ಬೇಕು.

ಬಟ್ಟೆ ಹತ್ತಿಯದೋ ಲಿನಿನ್ನಿನದೋ ಆಗಿದ್ದು, ನೇಯ್ಗೆ ಬಿಗಿಯಾಗಿರಬೇಕು. ಕೇಸ್‌ಮೆಂಟ್ ಎಂಬ ದಪ್ಪನೆಯ ಹತ್ತಿ ಬಟ್ಟೆ ಸಾಕಷ್ಟು ಚೆನ್ನಾಗಿ ಒದಗುತ್ತದೆ. ಅದನ್ನು ಮೊದಲೇ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಂಡರೆ ಮುಂದೆ ಒಗೆದಾಗ ಕುಗ್ಗಿ ಹೊಲಿಗೆಯನ್ನು ಸುಕ್ಕುಗಟ್ಟಿಸುವುದಿಲ್ಲ. ಅಪ್ಪಟ ಬಿಳಿಗಿಂತ ತಿಳಿ ಬೂದು ಅಥವಾ ತೀರ ತಿಳಿಯಾದ ನೀಲಿ ಬಟ್ಟೆಯನ್ನು ಆರಿಸುವುದು ಒಳ್ಳೆಯದು. ಆಗ ಆಕಾಶವನ್ನು ಹೊಲಿಯದೆ ಬಟ್ಟೆಯ ಬಣ್ಣಕ್ಕೇ ಬಿಡಬಹುದು. ಆಕಾಶವಿಡೀ ದಾರ ತುಂಬಿದರೆ ಬಟ್ಟೆ ಸೆಳೆತಕ್ಕೆ ಸಿಕ್ಕಿ ಮುದುಡುತ್ತದೆ, ನೋಡುವವರ ಕಣ್ಣೂ ಬೆಟ್ಟಕ್ಕಿಂತ ಮೊದಲು ಅಲ್ಲಿಗೇ ಹೋಗುತ್ತದೆ. ದಾರ ಆಂಕರ್‌ನಂತಹ ಆರೆಳೆಯ ಹತ್ತಿ ದಾರವಾಗಲಿ. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ. ಒಮ್ಮೆಗೆ ಸುಮಾರು 45 ಸೆಂಟಿಮೀಟರ್‌ಗಿಂತ ಉದ್ದ ತೆಗೆದುಕೊಳ್ಳಬೇಡಿ, ಉದ್ದವಾದಷ್ಟೂ ದಾರ ಬಟ್ಟೆಗೆ ಉಜ್ಜಿ ಹೊಳಪು ಕಳೆದುಕೊಳ್ಳುತ್ತದೆ. ಎರಡೆಳೆ ಬೇಕಾದಾಗಲೂ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು, ಮತ್ತೆ ಜೋಡಿಸಿಕೊಂಡು ಸೂಜಿಗೆ ಪೋಣಿಸಿದರೆ ಅವು ಒಂದರ ಪಕ್ಕದಲ್ಲೊಂದು ಸಮನಾಗಿ ಕೂರುತ್ತವೆ. ಸೂಜಿಯ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಪೂರ ಎಂಬುದು ನೆನಪಿರಲಿ: ಒಂದೆಳೆಗೆ 9 ಅಥವಾ 10, ಮೂರೆಳೆಗೆ 7 ಸರಿಹೋಗುತ್ತದೆ.

ಚಿತ್ರವನ್ನು ಬಟ್ಟೆಗೆ ಇಳಿಸಲು ಹಗಲಿನಲ್ಲಿ ಕಿಟಕಿಯ ಗಾಜಿಗೆ ಕಾಗದ ಅಂಟಿಸಿ, ಅದರ ಮೇಲೆ ಬಟ್ಟೆ ಹಿಡಿದು ಗೀಟೆಳೆಯುವುದೇ ಸುಲಭ. ನೀರಿಗೆ ಹೋಗುವ ಪೆನ್ನನ್ನು ಬಳಸಿದ್ದರೆ ಗುರುತು ಪೂರ್ತಿ ತೊಳೆದು ಹೋಗುವವರೆಗೆ ಇಸ್ತ್ರಿ ತಾಗಿಸಬಾರದು, ಬಿಸಿಗೆ ಆ ಬಣ್ಣ ಶಾಶ್ವತವಾಗಿ ಕೂತುಬಿಡಬಹುದು. ಬೆಟ್ಟಗಳ ಅಂಚು, ಗದ್ದೆಯ ಬದು, ಮುಖ್ಯ ಮರಗಳ ಕಾಂಡ ಇಷ್ಟನ್ನೇ ಬರೆದುಕೊಳ್ಳಿ. ಎಲೆಗಳನ್ನು ಬರೆಯುತ್ತ ಕೂರಬೇಡಿ, ಅವು ಸೂಜಿಯಿಂದಲೇ ಬರಲಿ.

ಇನ್ನು ಈ ಕೆಲಸದ ಜೀವಾಳವಾದ ದೂರದ ವಿಷಯ. ತಡಿಯಂಡಮೋಳ್ ಬೆಟ್ಟ 1748 ಮೀಟರ್ ಎತ್ತರದ್ದು, ಕೊಡಗಿನಲ್ಲೇ ಎತ್ತರವಾದದ್ದು. ಆದರೂ ದೂರದಿಂದ ನೋಡಿದಾಗ ಅದು ಕಡುಹಸಿರಾಗಿ ಕಾಣುವುದಿಲ್ಲ, ನಡುವಿನ ಗಾಳಿ ಮತ್ತು ತೇವ ಬೆಳಕನ್ನು ಚದುರಿಸುವುದರಿಂದ ತಿಳಿ ನೀಲಿಯಾಗಿ ಕಾಣುತ್ತದೆ. ಮಡಿಕೇರಿಯ ರಾಜಾಸೀಟ್‌ನಲ್ಲಿ ಬೆಳಿಗ್ಗೆ ನಿಂತು ನೋಡಿದರೆ ಒಂದರ ಹಿಂದೊಂದು ಬೆಟ್ಟದ ಸಾಲು ಹೇಗೆ ತೆಳುವಾಗುತ್ತ ಹೋಗುತ್ತದೆಂಬುದು ಸ್ಪಷ್ಟವಾಗುತ್ತದೆ. ಆದ್ದರಿಂದ ತೀರ ಹಿಂದಿನ ಬೆಟ್ಟಕ್ಕೆ ಒಂದೇ ಎಳೆ, ನೀಲಿ ಬೆರೆತ ಬೂದು. ಅದರ ಮುಂದಿನದಕ್ಕೆ ಎರಡೆಳೆ, ಹಸಿರಿನ ಕಡೆಗೆ ತುಸು ವಾಲಿದ ಬೂದು. ತೋಟವಿರುವ ಹತ್ತಿರದ ಇಳಿಜಾರಿಗೆ ಎರಡರಿಂದ ಮೂರೆಳೆ, ನಿಜವಾದ ಹಸಿರು. ಬೇಲಿ, ಬದು, ಮುಂದಿನ ಗಿಡಗಳಿಗೆ ಮೂರೆಳೆಗೆ ಕಡಿಮೆಯಿಲ್ಲದಂತೆ. ಹೊಲಿಗೆಯೂ ಇದೇ ಕ್ರಮದಲ್ಲಿ ಹಿಂದಿನಿಂದ ಮುಂದಕ್ಕೆ ಸಾಗಬೇಕು. ಮುಂದಿನ ಬೆಟ್ಟದ ಹೊಲಿಗೆ ಹಿಂದಿನದರ ಅಂಚನ್ನು ಕೂದಲೆಳೆಯಷ್ಟು ಮುಚ್ಚಿದರೆ ನಡುವೆ ಬಟ್ಟೆ ಇಣುಕುವುದಿಲ್ಲ. ಬೆಟ್ಟಕ್ಕೆ ಲಾಂಗ್ ಆ್ಯಂಡ್ ಶಾರ್ಟ್ ಸ್ಟಿಚ್ (ಉದ್ದ, ಗಿಡ್ಡ ಹೊಲಿಗೆಗಳನ್ನು ಒಂದರ ಪಕ್ಕ ಒಂದು ಬೆರೆಸಿ ತುಂಬುವುದು) ಹಾಕಿ, ಹೊಲಿಗೆಯನ್ನು ಇಳಿಜಾರು ಜಾರುವ ದಿಕ್ಕಿನಲ್ಲೇ ಎಳೆಯಿರಿ, ಅಡ್ಡಡ್ಡ ಎಳೆದರೆ ಬೆಟ್ಟ ಚಪ್ಪಟೆಯಾಗುತ್ತದೆ. ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಎಳೆಯುವ ಸ್ಯಾಟಿನ್ ಸ್ಟಿಚ್‌ನಿಂದ ತುಂಬುವ ಆಸೆ ಬೇಡ. 1 ಸೆಂಟಿಮೀಟರ್‌ಗಿಂತ ಉದ್ದವಾದ ಸ್ಯಾಟಿನ್ ಎಳೆ ಸಡಿಲವಾಗಿ ಬಳೆಗೋ ಉಗುರಿಗೋ ಸಿಕ್ಕಿಕೊಳ್ಳುತ್ತದೆ.

ಮಂಜು ಕಣಿವೆಯಲ್ಲಿ ನಿಲ್ಲುವುದರಿಂದ ಬೆಟ್ಟದ ನೆತ್ತಿ ಸ್ವಲ್ಪ ಗಾಢವಾಗಿಯೂ ಬುಡ ತೆಳುವಾಗಿಯೂ ಇರಬೇಕು, ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ಬುಡಕ್ಕೆ ಬರುತ್ತಿದ್ದಂತೆ ಹೊಲಿಗೆಗಳ ನಡುವೆ ಅಂತರ ಬಿಡುತ್ತ ಹೋಗಿ, ಕೊನೆಗೆ ಬರಿ ಬಟ್ಟೆಯನ್ನೇ ಬಿಟ್ಟರೆ ಅದೇ ಮಂಜಾಗುತ್ತದೆ. ಇನ್ನಷ್ಟು ಮಂಜು ಬೇಕೆನ್ನುವವರು ತೆಳುವಾದ ಬಿಳಿ ನೆಟ್ ಬಟ್ಟೆಯ ತುಂಡೊಂದನ್ನು ಕಣಿವೆಯ ಮೇಲಿಟ್ಟು, ಅದರ ಅಂಚನ್ನು ಕತ್ತರಿಸಿದ ಗುರುತು ಕಾಣದಂತೆ ಒಂದೆಳೆ ಬಿಳಿ ದಾರದಲ್ಲಿ ಅಲ್ಲಲ್ಲಿ ಹಿಡಿಸಬಹುದು.

ತೋಟವೆಂದರೆ ಕಾಫಿ ಗಿಡ ಮಾತ್ರವಲ್ಲ, ನೆರಳಿನ ಮರಗಳೂ ಹೌದು. ಸಿಲ್ವರ್ ಓಕ್‌ನ ನೆಟ್ಟನೆಯ ಕಾಂಡಕ್ಕೆ ಬೂದುಕಂದು ದಾರದ, ಹುರಿಯಂತೆ ಕಾಣುವ ಸ್ಟೆಮ್ ಸ್ಟಿಚ್ ಎರಡು ಸಾಲು ಸಾಕು, ಎಲೆಗಳ ಅಡಿಭಾಗ ಬೆಳ್ಳಿಯಂತೆ ಹೊಳೆಯುವುದರಿಂದ ಹಸಿರಿನೊಳಗೆ ತಿಳಿ ಬೂದಿನ ಬಿಡಿ ಹೊಲಿಗೆ ಸೇರಿಸಿ. ಕಾಂಡಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಗೆ Y ಆಕಾರದ ಫ್ಲೈ ಸ್ಟಿಚ್ ಚೆನ್ನಾಗಿ ಒಪ್ಪುತ್ತದೆ. ಕಾಫಿ ಗಿಡವನ್ನು ಗುಂಡನೆಯ ಹಸಿರು ಗುಡ್ಡೆಯಾಗಿ ಮಾಡದೆ, ಅಡ್ಡಕ್ಕೆ ಚಾಚಿದ ರೆಕ್ಕೆಗಳನ್ನು (ಕೊಂಬೆಗಳನ್ನು) ಮೊದಲು ಹಾಕಿ, ಅವುಗಳ ಎರಡೂ ಬದಿಗೆ ಜೋಡಿಜೋಡಿಯಾಗಿ ಲೇಜಿ ಡೇಜಿ (ಒಂಟಿ ಕುಣಿಕೆಯ ಹೊಲಿಗೆ) ಎಲೆಗಳನ್ನಿಡಿ. ಹಣ್ಣು ಗೊಂಚಲಾಗಿ ಎಲೆಯ ಬುಡದಲ್ಲಿ ರೆಕ್ಕೆಗೇ ಅಂಟಿಕೊಂಡಿರುತ್ತದೆ, ಎಲೆಯ ತುದಿಯಲ್ಲಿ ತೂಗುವುದಿಲ್ಲ. ಆ ಜಾಗದಲ್ಲಿ ಎರಡೆಳೆಯ ಫ್ರೆಂಚ್ ನಾಟ್ (ಸೂಜಿಗೆ ದಾರ ಸುತ್ತಿ ಹಾಕುವ ಗಂಟು) ಮೂರು ನಾಲ್ಕು ಒತ್ತಾಗಿ ಬರಲಿ. ಎಲ್ಲವೂ ಒಂದೇ ಕೆಂಪಾಗಿರದೆ ನಡುವೆ ಹಳದಿ, ಹಸಿರು ಗಂಟುಗಳೂ ಇದ್ದರೆ ಮಾತ್ರ ಅದು ಕೊಯ್ಲಿನ ತೋಟ. ಈ ಗಂಟುಗಳನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು, ಏಕೆಂದರೆ ಒಮ್ಮೆ ಗಂಟು ಬಿದ್ದ ಮೇಲೆ ಅದರ ಮೇಲೆ ರಿಂಗ್ ಫ್ರೇಮ್ (ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಜೋಡಿ ಬಳೆ) ಬಿಗಿದರೆ ಜಜ್ಜಿಹೋಗುತ್ತದೆ.

ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ; ಗೋಪುರಕ್ಕೂ ತೇರಿಗೂ ಅದಕ್ಕೆ ಸಾಟಿಯಿಲ್ಲ, ಆದರೆ ಮಂಜು ಕವಿದ ಬೆಟ್ಟಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಗದ್ದೆಗೆ ಮಾತ್ರ ಸರಳ ರನ್ನಿಂಗ್ ಸ್ಟಿಚ್ ಸಾಲುಗಳೇ ಸಾಕು: ದೂರದ ಸಾಲು ಒತ್ತಾಗಿ ಚಿಕ್ಕದಾಗಿ, ಹತ್ತಿರದ್ದು ಅಗಲವಾಗಿ. ನೀರು ಬೀಳುವಲ್ಲಿ ಹೊಲಿಗೆ ನೇರ ಕೆಳಕ್ಕೆ, ಹರಿಯುವಲ್ಲಿ ಅಡ್ಡಕ್ಕೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಕಸೂತಿಯ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಒಂದು ರಾತ್ರಿಯೂ ಬಿಡಬೇಡಿ, ತುಕ್ಕಿನ ಕಲೆ ಬಿದ್ದರೆ ಹೋಗುವುದು ಕಷ್ಟ. ಕೆಲಸ ನಿಲ್ಲಿಸಿದಾಗಲೆಲ್ಲ ರಿಂಗ್ ತೆಗೆದಿಡಿ, ಒಳಬಳೆಗೆ ಹತ್ತಿಯ ಪಟ್ಟಿ ಸುತ್ತಿದ್ದರೆ ಬಟ್ಟೆ ಜಾರುವುದೂ ಇಲ್ಲ, ಗುರುತೂ ಅಷ್ಟಾಗಿ ಮೂಡುವುದಿಲ್ಲ. ಕೆಂಪು ದಾರವನ್ನು ಹೊಲಿಯುವ ಮೊದಲೇ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ತಿಳಿಯುತ್ತದೆ. ಮುಗಿದ ಕಸೂತಿಯನ್ನು ತಣ್ಣೀರಿನಲ್ಲಿ ಮೃದುವಾದ ಸೋಪಿನಿಂದ ಅದ್ದಿ ತೊಳೆದು, ಹಿಂಡದೆ ಟವಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆಯಬೇಕು. ನಂತರ ದಪ್ಪ ಟವಲಿನ ಮೇಲೆ ಕವುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಗಂಟುಗಳು ಟವಲಿನೊಳಗೆ ಹುದುಗಿ ಉಳಿಯುತ್ತವೆ.

ಚೌಕಟ್ಟು ಹಾಕಿಸುವಾಗ ಬಟ್ಟೆಯನ್ನು ರಟ್ಟಿಗೆ ಅಂಟಿನಿಂದ ಹಚ್ಚಲು ಬಿಡಬೇಡಿ. ಸುತ್ತ ನಾಲ್ಕು ಬೆರಳು ಬಟ್ಟೆ ಬಿಟ್ಟುಕೊಂಡು, ರಟ್ಟಿನ ಹಿಂಬದಿಯಲ್ಲಿ ಗಟ್ಟಿ ದಾರದಿಂದ ಆಚೆಯಿಂದೀಚೆಗೆ ಎಳೆದು ಬಿಗಿದರೆ ಮುಂದೆ ಬೇಕಾದಾಗ ಬಿಚ್ಚಿ ತೊಳೆಯಬಹುದು. ಗಾಜು ಹಾಕಿಸುವುದಾದರೆ ಅದು ಹೊಲಿಗೆಗೆ ತಾಗದಂತೆ ನಡುವೆ ರಟ್ಟಿನ ಅಂಚುಪಟ್ಟಿ ಇಡಿಸಿ, ತಾಗಿದ ಕಡೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಮಳೆ ಹೊಡೆಯುವ ಹೊರಗೋಡೆಯನ್ನೂ ಬಿಸಿಲು ನೇರವಾಗಿ ಬೀಳುವ ಗೋಡೆಯನ್ನೂ ಬಿಟ್ಟು ಒಳಗೋಡೆಗೆ ತೂಗುಹಾಕಿ, ಮಳೆಗಾಲ ಕಳೆದ ಮೇಲೆ ಒಂದು ಒಣ ದಿನ ನೋಡಿ ಕೆಳಗಿಳಿಸಿ, ಹಿಂಬದಿಯನ್ನು ಒಣಬಟ್ಟೆಯಿಂದ ಒರೆಸಿ, ಗಾಳಿಗೆ ಇಟ್ಟು ಮತ್ತೆ ಹಾಕಿದರೆ ಆಯಿತು.