ಅಂಕಿ ನೋಡಿ ನುಡಿಗಟ್ಟು ಹಿಡಿದದ್ದು: ಕ್ರಿಪ್ಟಿಕ್ ಪದಬಂಧದಲ್ಲಿ ನನ್ನ ಅನುಭವ

ಇಂಗ್ಲಿಷ್ ದಿನಪತ್ರಿಕೆಗಳ ಕ್ರಿಪ್ಟಿಕ್ ಪದಬಂಧದಲ್ಲಿ, ಅಂದರೆ ಕ್ಲೂವಿನ (ಸುಳಿವಿನ) ಮಾತಿನಾಟದೊಳಗೇ ಉತ್ತರ ಅಡಗಿರುವ ಪದಬಂಧದಲ್ಲಿ, ಅಕ್ಷರ ಕಲಸಿದ ಕ್ಲೂಗಳನ್ನೂ ಅಡಗಿಸಿಟ್ಟ ಪದಗಳನ್ನೂ ಅಭ್ಯಾಸಬಲದಿಂದ ಬಿಡಿಸಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರನ್ನು ಕೊನೆಯವರೆಗೂ ಕಾಡುವುದು ನುಡಿಗಟ್ಟುಗಳು. ಅವುಗಳನ್ನು ಅರ್ಥದ ಪ್ರಕಾರವಲ್ಲ, ಕ್ಲೂವಿನ ಕೊನೆಯಲ್ಲಿ ಉತ್ತರದ ಒಂದೊಂದು ಪದಕ್ಕೂ ಕೊಡುವ ಅಕ್ಷರಸಂಖ್ಯೆಯ ಪ್ರಕಾರ ಜೋಡಿಸಿಕೊಳ್ಳುತ್ತೇನೆ ಎಂದಾಗ, ನಮ್ಮ ಕಚೇರಿಯಲ್ಲಿ ಬಹುಕಾಲದಿಂದ ಪದಬಂಧ ತುಂಬುತ್ತಿದ್ದ ಹಿರಿಯರೊಬ್ಬರು, ಅದು ಭಾಷೆ ಕಲಿಯುವ ದಾರಿಯೇ ಅಲ್ಲ ಎಂದರು. ಭಾಷೆ ಕಲಿಯುವುದು ನನ್ನ ಉದ್ದೇಶವಾಗಿರಲಿಲ್ಲ. ಚೌಕಗಳು ತುಂಬಿದರೆ ಸಾಕಿತ್ತು.

ಅದಕ್ಕೆ ಮೊದಲು ಹಣ ಸಾಕಷ್ಟು ಹೋಗಿತ್ತು. ಸುಮಾರು ಎಂಟುನೂರು ರೂಪಾಯಿ ಕೊಟ್ಟು ತಂದ ನುಡಿಗಟ್ಟುಗಳ ಕೋಶ ಅಕಾರಾದಿಯಲ್ಲಿತ್ತು. ಮೊದಲ ಪದವೇ ಗೊತ್ತಿಲ್ಲದವನು ಅದರಲ್ಲಿ ಹುಡುಕುವುದೇನನ್ನು? ಬಳಿಕ ವರ್ಷದ ಚಂದಾ ಕಟ್ಟಿದ ಮೊಬೈಲ್ ಆ್ಯಪ್ ಒಂದು ದಿನಕ್ಕೆ ಹತ್ತರಂತೆ ಕಲಿಸಿತು, ಆದರೆ ನುಡಿಗಟ್ಟು ಕಂಡರೆ ಅರ್ಥ ಹೊಳೆಯುತ್ತಿತ್ತೇ ಹೊರತು ಅರ್ಥ ಕಂಡಾಗ ನುಡಿಗಟ್ಟು ಹೊಳೆಯುತ್ತಿರಲಿಲ್ಲ. ಎರಡು ಮೂರು ಸಾವಿರ ರೂಪಾಯಿಯ ಆನ್‌ಲೈನ್ ತರಗತಿಯಲ್ಲಿ, ನಾವಿಕನೆಂದರೆ ಟಾರ್, ಪಡೆಯುವುದೆಂದರೆ ಗೆಟ್, ಎರಡೂ ಸೇರಿ ಟಾರ್ಗೆಟ್ ಎಂಬಷ್ಟರಲ್ಲೇ ಪಾಠ ಮುಗಿಯಿತು. ಸಾರ್ಥಕವಾದ ಖರ್ಚೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ನಾನೂರಕ್ಕೋ ಏನೋ ತಂದ ಹಳೆಯ ಚೇಂಬರ್ಸ್ ಇಂಗ್ಲಿಷ್ ನಿಘಂಟು.

ಅದನ್ನು ಓದುತ್ತ ಸಿಕ್ಕಿದ ನುಡಿಗಟ್ಟುಗಳನ್ನೆಲ್ಲ ಒಂದೊಂದು ಅಂಕಿಸರಣಿಗೆ ಒಂದೊಂದು ಪುಟದಂತೆ ಒಂದು ಪುಸ್ತಕದಲ್ಲಿ ಬರೆದೆ. ‘ಸ್ಪಿಲ್ ದ ಬೀನ್ಸ್’ 5, 3, 5ರ ಪುಟಕ್ಕೆ, ‘ಬರಿ ದ ಹ್ಯಾಚೆಟ್’ 4, 3, 7ರ ಪುಟಕ್ಕೆ ಹೋದವು. ‘ಒನ್ಸ್ ಇನ್ ಎ ಬ್ಲೂ ಮೂನ್’ ಅಂಥದ್ದಕ್ಕೆ 4, 2, 1, 4, 4 ಎಂಬ ಸರಣಿಯೇ ಹೆಚ್ಚುಕಡಿಮೆ ಉತ್ತರ. ಹದಿಮೂರು ಅಕ್ಷರಗಳ 4, 3, 6 ಮಾತ್ರ ಘಾಟಿ: ‘ಕಿಕ್ ದ ಬಕೆಟ್’, ‘ಬೈಟ್ ದ ಬುಲೆಟ್’ ಎರಡೂ ಅಲ್ಲಿವೆ, ಎರಡನೆಯ, ಆರನೆಯ, ಎಂಟನೆಯ, ಹನ್ನೆರಡನೆಯ ಚೌಕಗಳಲ್ಲಿ ಎರಡಕ್ಕೂ ಒಂದೇ ಅಕ್ಷರ. ಅದನ್ನು ಹಾದುಹೋಗುವ ಅಡ್ಡಸಾಲಿನ ಪದಗಳಿಂದ ಆ ನಾಲ್ಕೂ ದೊರೆತರೂ ಕೈಹಾಕಬಾರದು. ನಾಲ್ಕನೆಯ ಚೌಕದ್ದು ಕೆ ಆಗುತ್ತದೋ ಇ ಆಗುತ್ತದೋ ಎಂದು ಕಾಯಬೇಕು. ಒಂದೇ ಪುಟದೊಳಗೆ ಇವುಗಳನ್ನು ನಾನು ಯಾವ ಕ್ರಮದಲ್ಲಿಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳಲಾರೆ. ಇಷ್ಟು ಖರ್ಚು ಮಾಡಿದವನಿಗೆ ಅಷ್ಟು ಗುಟ್ಟಿರಲಿ.

ನಡುವೆ ಕನ್ನಡದಲ್ಲೂ ಕ್ರಿಪ್ಟಿಕ್ ಕಟ್ಟಲು ನೋಡಿದೆ. ಅರ ಮತ್ತು ಮನೆ ಸೇರಿಸಿ ಅರಮನೆಗೆ ಸುಳಿವು ಹೊಸೆಯುವುದು ಸುಲಭವಾಯಿತು. ಆದರೆ ಗುಣಿತಾಕ್ಷರ ಇಡಿಯಾಗಿ ಒಂದೇ ಚೌಕದಲ್ಲಿ ಕೂರುವುದರಿಂದ ಅಕ್ಷರ ಕಲಸುವ ಆಟಕ್ಕೆ ಅಲ್ಲಿ ಜಾಗ ಕಡಿಮೆ. ಇಂಗ್ಲಿಷ್ ಕ್ಲೂಗಳಲ್ಲಿ ನಮಗೆ ಪುಕ್ಕಟೆಯಾಗಿ ಸಿಗುವ ನೆರವು ಕ್ರಿಕೆಟ್: ಮೇಡನ್ (ರನ್ ಬಾರದ ಓವರ್) ಎಂದರೆ ಎಂ, ಡಕ್ (ಸೊನ್ನೆಗೆ ಔಟ್) ಎಂದರೆ ಓ ಎಂಬುದನ್ನು ಯಾರೂ ಕಲಿಸಬೇಕಿಲ್ಲ.

ಮೂವತ್ತರಷ್ಟು ಕ್ಲೂಗಳಲ್ಲಿ ಏಳೆಂಟು ಖಾಲಿ ಬಿಡುತ್ತಿದ್ದವನಿಗೆ ಈಗ ಒಂದೆರಡು ಉಳಿದರೆ ಹೆಚ್ಚು, ಆ ಹಿರಿಯರೇ ಕೆಲವೊಮ್ಮೆ ನನ್ನ ಈ ಪುಸ್ತಕ ಕೇಳಿ ಪಡೆಯುತ್ತಾರೆ. ಆದರೆ ‘ಗಿವ್ ಅಪ್’, ‘ಟೇಕ್ ಆನ್’, ‘ಮೇಕ್ ಅಪ್’ ಮುಂತಾದವೆಲ್ಲ 4, 2ರಲ್ಲೇ ತುಂಬಿಕೊಂಡಿವೆ. ಆ ಪುಟ ಬೆಳೆದು ಆರೇಳು ಹಾಳೆಗಳಾದ್ದರಿಂದ ಅಲ್ಲಿ ಪುಸ್ತಕ ತೆರೆಯುವುದಕ್ಕಿಂತ ಅಡ್ಡಸಾಲುಗಳನ್ನು ಮೊದಲು ಮುಗಿಸುವುದೇ ಬೇಗ.