ಹವಾಯಿ ಚಪ್ಪಲಿಯೂ ನಮ್ಮನೆ ಚಿತ್ರಗಳೂ

ಹಾಲ್‌ನಲ್ಲಿ ಬ್ಯಾಂಕಿನ ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಗೆ 2009ರಲ್ಲಿ ನಾನು ಒಂದು ಜಲವರ್ಣ ಚಿತ್ರ ತಂದು ಹಾಕಿದೆ. ಮಂಗಳೂರಿನಲ್ಲೇ ಒಂದು ಪ್ರದರ್ಶನದಲ್ಲಿ ಕಂಡದ್ದು. ಬೆಂಗ್ರೆ ಕಡೆಯ ದಡ, ಎರಡು ದೋಣಿ, ಹಿಂದೆ ಬೂದು ಆಕಾಶ. ಬೆಲೆ 3,500 ರೂಪಾಯಿ. ಕೈಯಲ್ಲಿ ಅಷ್ಟು ಇರಲಿಲ್ಲ. ಚಿತ್ರ ಬರೆದ ಹುಡುಗನೇ "ಎರಡು ಕಂತಲ್ಲಿ ಕೊಡಿ ಅಕ್ಕ" ಅಂದ. ಮನೆಗೆ ತಂದಾಗ ಅತ್ತೆ ಒಮ್ಮೆ ನೋಡಿ, "ಈ ದುಡ್ಡಿಗೆ ಒಳ್ಳೆ ಮಿಕ್ಸಿ ಬರ್ತಿತ್ತು" ಅಂದರು. ಬರ್ತಿತ್ತು, ಸುಳ್ಳಲ್ಲ.

ಈಗ ಗೋಡೆಯ ಮೇಲೂ ಕಪಾಟಿನಲ್ಲೂ ಸೇರಿ ಹದಿನಾಲ್ಕು ಉಂಟು. ಯಾವುದೂ ಹದಿನೈದು ಸಾವಿರ ದಾಟಿಲ್ಲ. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ, ಮುಂದೆ ಇದಕ್ಕೆ ಲಕ್ಷಗಟ್ಟಲೆ ಬರ್ತದಾ? ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಸರಾಂತ ಚಿತ್ರಕಾರ ಕೆ.ಕೆ. ಹೆಬ್ಬಾರರ ಹೆಸರು ತೆಗೆದು, "ಅವರ ಚಿತ್ರವನ್ನು ಆಗಲೇ ಕೊಂಡಿದ್ದರೆ..." ಅಂತ ಲೆಕ್ಕ ಹಾಕುವವರೂ ಇದ್ದಾರೆ. ಅದು ಲಾಟರಿ ಟಿಕೆಟಿನ ಮಾತು ಮಾರಾಯ್ರೆ. ನಾನೂ ಒಮ್ಮೆ ಸುಮ್ನೆ ವಿಚಾರಿಸಿ ನೋಡಿದ್ದೇನೆ. ನನ್ನಲ್ಲಿರುವ ಚಿತ್ರಗಳಿಗೆ ಎರಡನೇ ಗಿರಾಕಿ ಇಲ್ಲ. ದುಡ್ಡು ಬೆಳೆಯಬೇಕಾದರೆ ಎಫ್‌ಡಿ ಮಾಡಿ.

ಹಾಗಾದರೆ ಇಷ್ಟು ವರ್ಷ ಎಂತಕ್ಕೆ ಕೊಂಡೆ? ಅದಕ್ಕೆ ಮೊದಲು ನಾನು ಹಾಳು ಮಾಡಿದ್ದರ ಕತೆ ಹೇಳಬೇಕು.

ಆ ದೋಣಿ ಚಿತ್ರಕ್ಕೆ ಫ್ರೇಮ್ ಹಾಕಿಸಿದ್ದು ಒಂದು ಅಂಗಡಿಯಲ್ಲಿ. ಹಿಂದೆ ಹಾರ್ಡ್‌ಬೋರ್ಡ್, ಕಾಗದಕ್ಕೆ ಅಂಟಿಕೊಂಡಂತೆ ಗಾಜು. ಹಾಕಿದ್ದು ಪಡುವಣ ಗೋಡೆಗೆ. ನಮ್ಮದು ಹಳೇ ಕೆಂಪುಕಲ್ಲಿನ ಮನೆ, ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು, ಗಾಳಿಮಳೆ ಹೊಡೆಯುವುದೂ ಪಡುವಣದಿಂದಲೇ, ಜುಲೈಯಲ್ಲಿ ಆ ಗೋಡೆಗೆ ಕೈ ಇಟ್ಟರೆ ತಣ್ಣಗೆ ಒದ್ದೆ ಹತ್ತುತ್ತದೆ. ಅಂಥಾ ಗೋಡೆಗೆ ಕಾಗದದ ಚಿತ್ರ! ಮೂರನೇ ಮಳೆಗಾಲ ಮುಗಿಯುವಾಗ ಬೂದು ಆಕಾಶದಲ್ಲಿ ಎಳ್ಳಿನಂಥ ಕಂದು ಚುಕ್ಕೆಗಳು ಎದ್ದಿದ್ದವು. ಇವರು ಅದನ್ನು ಹಕ್ಕಿಗಳು ಅಂದುಕೊಂಡಿದ್ದರಂತೆ.

ಫ್ರೇಮ್ ಬಿಚ್ಚಿದಾಗ ಮೂಗಿಗೆ ಬಡಿದದ್ದು ಒಣಗದ ಬಟ್ಟೆಯ ವಾಸನೆ. ಒಂದು ಮೂಲೆಯಲ್ಲಿ ಕಾಗದ ಗಾಜಿಗೇ ಅಂಟಿತ್ತು. ಹಿಂದೆ ಬಿಳಿ ಬೂಸ್ಟು. ಸಿಲ್ವರ್‌ಫಿಶ್ ಹುಳ ಒಂದು ಅಂಚನ್ನು ಲೇಸಿನ ಹಾಗೆ ಕೊರೆದಿತ್ತು. ನನಗೆ ಅಳುವೇ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಲು ಹೊರಟವಳು, ಪುಣ್ಯಕ್ಕೆ ಅದಕ್ಕೆ ಮೊದಲು ಆ ಹುಡುಗನಿಗೇ ಫೋನ್ ಮಾಡಿದೆ. "ನೀರು ಮುಟ್ಟಿಸಬೇಡಿ ಅಕ್ಕ, ಬಿಸಿಲಿಗೂ ಇಡಬೇಡಿ" ಅಂದ. ಫ್ಯಾನಿನ ಕೆಳಗೆ ಎರಡು ದಿನ ಬಿಟ್ಟು, ಬೂಸ್ಟು ಪೂರ್ತಿ ಒಣಗಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತು ಮೆತ್ತಗಿನ ಬ್ರಶ್ಶಿನಿಂದ ತೆಗೆದೆ. ಚುಕ್ಕೆ ಹೋಗಲಿಲ್ಲ. ಈಗಲೂ ಇವೆ.

ಆಮೇಲೆ ಎಲ್ಲ ಬದಲಾಯಿಸಿದೆ. ಆಸಿಡ್ ಇಲ್ಲದ ಮೌಂಟ್ ಬೋರ್ಡನ್ನು, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟನ್ನು, ಬೆಂಗಳೂರಿಂದ ತರಿಸಿದೆ. ಗಾಜಿಗೂ ಕಾಗದಕ್ಕೂ ನಡುವೆ ಬೋರ್ಡಿನ ದಪ್ಪದಷ್ಟು ಜಾಗ ಬಿಡಿಸಿದೆ. ಪಡುವಣ ಗೋಡೆ ಬಿಟ್ಟು ಊಟದ ಕೋಣೆಗೂ ಹಾಲಿಗೂ ನಡುವಿನ ಒಳಗೋಡೆಗೆ ತಂದೆ. ಇನ್ನೊಂದು ಕೆಲಸ ಎಲ್ಲಕ್ಕಿಂತ ಅಗ್ಗದ್ದು. ಹಳೇ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬೆರಳಿನ ಉಗುರಿನಷ್ಟು ತುಂಡು ಮಾಡಿ ಪ್ರತಿ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಅಂಟಿಸಿದೆ. ಫ್ರೇಮ್ ಗೋಡೆಗೆ ತಾಗುವುದಿಲ್ಲ, ಹಿಂದೆ ಗಾಳಿ ಆಡುತ್ತದೆ. ಅಷ್ಟೇ. ಆಮೇಲೆ ಹೊಸದಾಗಿ ಬೂಸ್ಟು ಬಂದಿಲ್ಲ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬರೆದ ಚಿತ್ರಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮೊದಲು ಬಣ್ಣ ನೋಡುತ್ತಿದ್ದೆ. ಈಗ ಒಳಗೆ ಹೋದರೆ ಮೊದಲು ಮಾಡು ಸೋರ್ತದಾ ಅಂತ ನೋಡುತ್ತೇನೆ!

ಕೊಳ್ಳುವಾಗಲೂ ಮೋಸ ಹೋಗಿದ್ದೇನೆ. ಒಂದು ಅಂಗಡಿಯಲ್ಲಿ ಕೈಯಲ್ಲಿ ಬರೆದದ್ದು ಅಂತ ಯಕ್ಷಗಾನ ವೇಷದ ಕ್ಯಾನ್‌ವಾಸ್ ಕೊಟ್ಟರು. ಮನೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದರೆ ಬ್ರಶ್ಶಿನ ಗೆರೆ ಒಂದು ಕಡೆ ಹೋಗುತ್ತದೆ, ಬಣ್ಣದ ಅಂಚು ಇನ್ನೊಂದು ಕಡೆ. ಪ್ರಿಂಟ್ ಹೊಡೆದು ಮೇಲೆ ಪಾರದರ್ಶಕ ಜೆಲ್ ಬಳಿದದ್ದು. ಭೂತಗನ್ನಡಿಯಲ್ಲಿ ಚುಕ್ಕೆ ಚುಕ್ಕೆ ಕಾಣುತ್ತದೆ. ಪ್ರಿಂಟ್ ಅಂದರೆಲ್ಲ ಮೋಸ ಅಂತಲ್ಲ. ನನ್ನ ಹತ್ತಿರ ಒಂದು ಲಿನೊಕಟ್ ಉಂಟು, ಲಿನೋಲಿಯಂ ಹಾಳೆಯನ್ನು ಕೊರೆದು ಮಸಿ ಹಚ್ಚಿ ಒತ್ತಿದ ಚಿತ್ರ, ಕೆಳಗೆ ಪೆನ್ಸಿಲಿನಲ್ಲಿ 7/25 ಅಂತ ಬರೆದು ಸಹಿ. ಇಪ್ಪತ್ತೈದರಲ್ಲಿ ಏಳನೆಯದು, ಪ್ರತಿಯೊಂದನ್ನೂ ಕಲಾವಿದೆಯೇ ಅಚ್ಚು ಒತ್ತಿ ತೆಗೆದದ್ದು. ಅದು ಅಸಲಿಯೇ. ಈಗ ಯಾರ ಹತ್ತಿರ ಕೊಂಡರೂ ಹೆಸರು, ಅಳತೆ, ಯಾವ ಬಣ್ಣ, ಯಾವ ವರ್ಷ ಅಂತ ಒಂದು ಚೀಟಿ ಬರೆಸಿಕೊಳ್ಳುತ್ತೇನೆ.

ಒಬ್ಬರು ಭೂತಾರಾಧನೆಯ ಹಳೇ ಮೊಗ, ಅಂದರೆ ಮುಖವಾಡ, ತೋರಿಸಿ ಕಡಿಮೆಗೆ ಕೊಡ್ತೇನೆ ಅಂದಿದ್ದರು. ನಾನು ಮುಟ್ಟಲೇ ಇಲ್ಲ. ಯಾವ ಸ್ಥಾನದಿಂದ ಬಂತೋ ಯಾರಿಗೆ ಗೊತ್ತು? ನೂರು ವರ್ಷ ದಾಟಿದ್ದಾದರೆ ಪ್ರಾಚೀನ ವಸ್ತುಗಳ 1972ರ ಕಾಯ್ದೆಯೂ ಉಂಟು, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವ ಹಾಗಿಲ್ಲ. ಅದರ ಬದಲು ಒಂದು ಕಾವಿ ಫಲಕ ಮಾಡಿಸಿದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಬರಿಸುವುದು. ಎತ್ತಲಿಕ್ಕೆ ಇಬ್ಬರು ಬೇಕು. ನಮ್ಮ ಹವೆಗೆ ಅದಕ್ಕಿಂತ ಗಟ್ಟಿ ಇನ್ನೊಂದು ನಾನು ಕಾಣೆ.

ಇನ್ನು, ಎಂತಕ್ಕೆ ಕೊಂಡೆ ಅನ್ನುವುದು. ಚಿತ್ರ ಬಂದು ಆರು ವರ್ಷವಾಗಿತ್ತು. ಅತ್ತೆ ಊಟದ ಮೇಜಿನಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ, "ಇದು ನೀರು ಇಳಿದಾಗ ಬರೆದದ್ದು" ಅಂದರು.

"ನಿಮಗೆ ಹೇಗೆ ಗೊತ್ತು ಅತ್ತೆ?"

"ದೋಣಿ ವಾಲಿ ಕೂತದ್ದು ಕಾಣುವುದಿಲ್ವಾ? ನೀರು ಇದ್ದರೆ ನೆಟ್ಟಗೆ ನಿಲ್ತದೆ. ಹಗ್ಗವೂ ಸಡಿಲ ಬಿದ್ದಿದೆ ನೋಡು."

ಎದ್ದು ಹತ್ತಿರ ಹೋಗಿ ನೋಡಿದೆ. ಹೌದು, ಹಗ್ಗ ಮರಳಿನ ಮೇಲೆ ಹಾವಿನ ಹಾಗೆ ಬಿದ್ದಿತ್ತು. ಆರು ವರ್ಷ ದಿನಾ ಅದನ್ನು ನೋಡುತ್ತಲೇ ಇದ್ದೆ, ಕಂಡಿರಲಿಲ್ಲ. ಹುಡುಗನಿಗೆ ಫೋನ್ ಮಾಡಿದರೆ ಜೋರಾಗಿ ನಕ್ಕ, ಬೆಳಿಗ್ಗೆ ಇಳಿತದ ಹೊತ್ತಿಗೇ ಅಲ್ಲಿ ಕೂತು ಬರೆದದ್ದಂತೆ. ಅತ್ತೆಯ ತಂದೆಗೆ ದೋಣಿ ಇತ್ತು ಅಂತ ನನಗೆ ಗೊತ್ತಾದದ್ದು ಅವತ್ತು. ಮದುವೆಯಾಗಿ ಹದಿನಾಲ್ಕು ವರ್ಷ ಆಗಿತ್ತು.

ಹೋದ ವರ್ಷ ಮಗಳಿಗೆ ಬೆಂಗಳೂರಲ್ಲಿ ಕೆಲಸ ಆಯಿತು. ರೂಮಿಗೆ ಎಂತ ಬೇಕು ಅಂತ ಕೇಳಿದರೆ ಕುಕ್ಕರ್ ಬೇಡ, ದೋಣಿ ಬೇಕು ಅಂದಳು. ಕಾವಿ ಕೊಡ್ತೇನೆ, ಲಿನೊಕಟ್ ಕೊಡ್ತೇನೆ ಅಂತ ಏನೆಲ್ಲ ಹೇಳಿದೆ, ಒಪ್ಪಲಿಲ್ಲ. ಕೊನೆಗೆ ಅತ್ತೆಯೇ ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟರು, ಹಿಂದೆ ನಾಲ್ಕೂ ಚಪ್ಪಲಿ ತುಂಡು ಇದೆಯಾ ಅಂತ ಕೈ ಆಡಿಸಿ ನೋಡಿ. ದೋಣಿ ಇದ್ದ ಜಾಗಕ್ಕೆ ಸದ್ಯಕ್ಕೆ ಮತ್ತೆ ಬ್ಯಾಂಕಿನ ಕ್ಯಾಲೆಂಡರ್ ಬಂದಿದೆ. ಅತ್ತೆಗೆ ಅದು ಸರಿ ಕಾಣುವುದಿಲ್ಲ. "ಇನ್ನೊಂದು ಪ್ರದರ್ಶನ ಯಾವಾಗ?" ಅಂತ ಮೊನ್ನೆ ಅವರೇ ಕೇಳಿದರು.