ಬಿದ್ದು ಅವರ ಹಾಡುಗಳನ್ನು ತಳದಿಂದ ಕೇಳುವ ಬಗೆ

ಶಿವಮೊಗ್ಗದ ನಮ್ಮ ಮನೆಯ ಟೇಪ್ ರೆಕಾರ್ಡರಿನ ಬಲಗಡೆಯ ಸ್ಪೀಕರ್ ಕೆಟ್ಟುಹೋಗಿತ್ತು. ಹಾಗಾಗಿ ನನ್ನ ಬಾಲ್ಯದ ‘ಡಿಸ್ಕೋ ದೀವಾನೆ’ ಅರ್ಧ ಹಾಡು. ಎಷ್ಟೋ ವರ್ಷಗಳ ಮೇಲೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ, ನನಗೆ ಬಾಯಿಪಾಠವಾಗಿದ್ದ ಹಾಡಿನೊಳಗೆ ನಾನು ಕೇಳದೇ ಇದ್ದದ್ದು ಎಷ್ಟೊಂದಿತ್ತು! ಹಾಡಿದ ನಾಜಿಯಾ ಹಸನ್ ಮತ್ತು ಜೋಹೆಬ್ ಹಸನ್ ಗೊತ್ತಿದ್ದರು. ಇದನ್ನೆಲ್ಲ ಹೀಗೆ ಜೋಡಿಸಿದವರು ಯಾರು ಎಂದು ಹುಡುಕಿದ್ದು ಅಂದೇ.

ಅವರು ಸಂಗೀತ ನಿರ್ಮಾಪಕ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಲ್ಲಿಯೇ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ, 1960ರ ದಶಕದಲ್ಲಿ ಲಂಡನ್ ಸೇರಿದವರು. ಅವರು ನಿರ್ಮಿಸಿದ, ಕಾರ್ಲ್ ಡಗ್ಲಾಸ್ ಹಾಡಿದ ‘ಕುಂಗ್ ಫು ಫೈಟಿಂಗ್’ 1974ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಅವರ ಎಂಬತ್ತರ ದಶಕದ ಕೆಲಸವನ್ನು ಮಾತ್ರ ನಮ್ಮವರು ‘ಡಿಸ್ಕೋ ಗದ್ದಲ’ ಎಂದು ಬದಿಗಿಟ್ಟರು. ಅದು ಅನ್ಯಾಯ ಎಂದೇ ನನ್ನ ನಂಬಿಕೆ.

‘ಕುರ್ಬಾನಿ’ (1980) ಚಿತ್ರದ ‘ಆಪ್ ಜೈಸಾ ಕೋಯಿ’ಯಿಂದ ಆರಂಭಿಸಿ. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ–ಆನಂದ್‌ಜಿ ಅವರವು. ಇದೊಂದು ಬಿದ್ದು ಅವರದು. ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ಅದು ತಳದ ನಾದವನ್ನೆಲ್ಲ ನುಂಗಿಬಿಡುತ್ತದೆ. ಮೊದಲ ಸಲ ಸಾಹಿತ್ಯವನ್ನು ಮರೆತು ಡ್ರಮ್ಮಿಗಷ್ಟೇ ಕಿವಿಗೊಡಿ, ಕಾಲಿನಲ್ಲಿ ತಾಳ ಹಾಕಿ. ಆ ಕಾಲದ ಹಿಂದಿ ಹಾಡುಗಳಲ್ಲಿ ತಬಲಾ ಅಥವಾ ಢೋಲಕ್ ಎಂಟು ಮಾತ್ರೆಯ ಕಹರವಾ ತಾಳ ನುಡಿಸುವಾಗ ಒಂದು ಪೆಟ್ಟು ಭಾರ, ಇನ್ನೊಂದು ಹಗುರ, ತಾಳ ತೂಗುತ್ತದೆ. ಇಲ್ಲಿ ನಾಲ್ಕು ಪೆಟ್ಟಿಗೂ ಒಂದೇ ತೂಕ. ನೆಲ ಅಲುಗುವುದಿಲ್ಲ. ಅದರ ಮೇಲೆ ಕುಣಿಯುವ ಕೆಲಸ ಬೇಸ್ ಗಿಟಾರಿನದು. ಎರಡನೆಯ ಸಲ ಅದರ ಬೆನ್ನು ಹತ್ತಿ.

ಮೂರನೆಯ ಸಲ ದನಿಗೆ ಬನ್ನಿ. ನಾಜಿಯಾ ಆಗ ಹದಿನೈದರ ಹುಡುಗಿ. ಲತಾ, ಆಶಾ ಅವರ ತರಬೇತಿಯ ಕಂಠವಲ್ಲ; ತೆಳುವಾದ, ತುಸು ಮೂಗಿನಿಂದ ಬರುವ ದನಿ. ಬೇರೊಬ್ಬರಾಗಿದ್ದರೆ ಅದನ್ನು ವಾದ್ಯಗಳ ಹಿಂದೆ ಬಚ್ಚಿಡುತ್ತಿದ್ದರೇನೋ. ಬಿದ್ದು ಆ ದನಿಯ ಮೇಲೆ ಅದೇ ದನಿಯನ್ನು ಇನ್ನೊಂದು ಪದರವಾಗಿ ಹಾಸಿದರು. ತೆಳುವಾದದ್ದು ಹಾಗೆ ದಪ್ಪವಾಯಿತು, ಆದರೆ ಹುಡುಗಿಯ ವಯಸ್ಸು ಮಾಸಲಿಲ್ಲ. ಹೆಡ್‌ಫೋನಿನಲ್ಲಿ ಕಣ್ಣು ಮುಚ್ಚಿ ಕೇಳಿದರೆ, ಒಬ್ಬಳೇ ಹಾಡುತ್ತಿದ್ದರೂ ಪಕ್ಕದಲ್ಲಿ ಅವಳ ನೆರಳೊಂದು ಹಾಡುತ್ತಿರುವಂತೆ ಅನಿಸುತ್ತದೆ. ನನಗೆ ಈ ಹಾಡಿನಲ್ಲಿ ಅತ್ಯಂತ ಪ್ರಿಯವಾದದ್ದು ಇದೇ.

ಇನ್ನು 1981ರ ‘ಡಿಸ್ಕೋ ದೀವಾನೆ’ ಆಲ್ಬಂ. ಅದರಲ್ಲಿ ಶೀರ್ಷಿಕೆ ಗೀತೆಯ ವಾದ್ಯರೂಪವೂ ಇದೆ. ಹೆಚ್ಚಿನವರು ದಾಟಿಸಿಬಿಡುವ ಅದನ್ನೇ ಮೊದಲು ಕೇಳಿ, ಆಮೇಲೆ ಹಾಡಿಗೆ ಬನ್ನಿ. ಗಾಯಕಿ ಬರುವ ಮುಂಚೆಯೇ ಮನೆ ಎಷ್ಟು ಓರಣವಾಗಿ ಸಿದ್ಧವಾಗಿತ್ತೆಂದು ಗೊತ್ತಾಗುತ್ತದೆ. ಬಳಿಕ ಹೆಡ್‌ಫೋನಿನ ಒಂದು ಬದಿಯನ್ನು ಸರಿಸಿ ಎಡಗಿವಿಯಲ್ಲಷ್ಟೇ ಒಮ್ಮೆ, ಬಲಗಿವಿಯಲ್ಲಷ್ಟೇ ಒಮ್ಮೆ ಕೇಳಿ. ಯಾವ ವಾದ್ಯಕ್ಕೆ ಎಲ್ಲಿ ಜಾಗ ಕೊಟ್ಟಿದ್ದಾರೆಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

1982ರ ‘ಸ್ಟಾರ್’ ಚಿತ್ರ ಸೋತಿತು. ಅದರ ‘ಬೂಮ್ ಬೂಮ್’ ಸೋಲಲಿಲ್ಲ, ಅದನ್ನೂ ಕೇಳಿ. 1984ರ ‘ಯಂಗ್ ತರಂಗ್’ ಆಲ್ಬಂ ತಲುಪುವ ಹೊತ್ತಿಗೆ ಲಯ ನಿಮ್ಮ ಕಾಲಿಗೆ ಪರಿಚಿತವಾಗಿರುತ್ತದೆ. ಗಮನವನ್ನೆಲ್ಲ ಸಿಂಥಸೈಸರಿಗೆ ಕೊಡಬಹುದು.

ಕೊನೆಗೆ ಎಂಟು ವರ್ಷ ಹಿಂದೆ ಸರಿದು, ಇದೇ ಬಿದ್ದು ಟೀನಾ ಚಾರ್ಲ್ಸ್ ಅವರಿಂದ ಹಾಡಿಸಿದ ‘ಐ ಲವ್ ಟು ಲವ್’ (1976) ಹಾಕಿ. ಭಾಷೆ ಬೇರೆ, ಕಂಠ ಬೇರೆ. ಆ ಸಮತೂಕದ ನಾಲ್ಕು ಪೆಟ್ಟು ಕೇಳಿದೊಡನೆ ಕೈ ಯಾರದೆಂದು ನೀವೇ ಹೇಳುತ್ತೀರಿ.